ಆರರ ಕಾಲಿಗೆ ಒಂದು ಗೀರು

ನಮ್ಮ ಮನೆಯ ನಲ್ಲಿಗಳಿಗೆಲ್ಲ ಬೋರ್‌ವೆಲ್ ನೀರಿನ ಬಿಳಿ ಕಲೆ. ಮೊನ್ನೆ ಭಾನುವಾರ ಸೊಸೆ ಸುನೀತಾ, ಯಾರೋ ಹೇಳಿಕೊಟ್ಟರೆಂದು, ಒಂದು ಬಟ್ಟಲಿಗೆ ವಿನೆಗರ್ ಸುರಿದುಕೊಂಡು ಹಳೆಯ ಬನಿಯನ್ ತುಂಡನ್ನು ಅದ್ದಿ ಅಡುಗೆಮನೆಯ ನಲ್ಲಿ ಉಜ್ಜತೊಡಗಿದಳು. ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ತಾನಾಗಿ ಮಾತು ಹೊರಟಿತು: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ."

"ಏನ್ ಮಾವ?" ಅಂದಳು ಸುನೀತಾ.

"ಏನಿಲ್ಲಮ್ಮ. ಎಕ್ಸ್‌ರೇ ಫಿಲಂ ತೊಳೆಯೋ ನೀರು ಇದೇ ವಾಸನೆ ಹೊಡೀತಿತ್ತು."

ಅವಳು ಬಟ್ಟೆಯನ್ನು ಅಲ್ಲೇ ಇಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಹೌದು ಮಾವ, ಆ ಆಸ್ಪತ್ರೆ ಕೆಲಸ ಯಾಕೆ ಬಿಟ್ರಿ? ಅತ್ತೆ ಒಂದು ಹೇಳ್ತಾರೆ, ನಿಮ್ಮ ಮಗ ಇನ್ನೊಂದು ಹೇಳ್ತಾರೆ, ನೀವು ಕೇಳ್ದಾಗಲೆಲ್ಲ ಬೇರೆ ಬೇರೆ ಹೇಳ್ತೀರ."

ಹುಡುಗಿ ಹೇಳಿದ್ದು ಸುಳ್ಳಲ್ಲ. ನೆಂಟರು ಕೇಳಿದರೆ ಕಿರಣಗಳ ಭಯ ಅನ್ನುತ್ತಿದ್ದೆ. ಅವರಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು. ಆ ಕಾಲದಲ್ಲಿ ಎಕ್ಸ್‌ರೇ ಕೆಲಸದವನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಿದ್ದರು. ಮಕ್ಕಳಾಗುವುದಿಲ್ಲ ಅಂತ ಯಾರೋ ಹಬ್ಬಿಸಿಬಿಟ್ಟಿದ್ದರು. ನನ್ನ ಮಾವನವರಂತೂ ಹೆಣ್ಣು ನೋಡುವ ಶಾಸ್ತ್ರದ ದಿನವೇ ನನ್ನ ಅಪ್ಪನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆ ವಿಷಯ ಕೇಳಿದ್ದರು. ಗೆಳೆಯರು ಕೇಳಿದರೆ ಮುಂದೆ ಬಡ್ತಿ ಇರಲಿಲ್ಲ ಅನ್ನುತ್ತಿದ್ದೆ. ಅದೂ ಸುಳ್ಳಲ್ಲ. ನನ್ನ ಜೊತೆ ತರಬೇತಿ ಮುಗಿಸಿದವರಲ್ಲಿ ಒಬ್ಬ ದುಬೈಗೆ ಹೋದ, ಒಬ್ಬ ಬ್ಯಾಂಕ್ ಪರೀಕ್ಷೆ ಪಾಸು ಮಾಡಿಕೊಂಡು ಟೈ ಕಟ್ಟಿಕೊಂಡ, ಇನ್ನೊಬ್ಬ ಕತ್ತಲೆ ಕೋಣೆಯಲ್ಲಿ ಕೂತು ಕೂತು ತನಗೆ ಹಗಲು ಯಾವುದು ಅಂತಲೇ ಮರೆತುಹೋಗಿದೆ ಎಂದು ಅಣ್ಣನ ಹಾರ್ಡ್‌ವೇರ್ ಅಂಗಡಿ ಸೇರಿದ. ಯಾಕೆ ಬಿಟ್ಟೆ ಅಂದರೆ ಎಲ್ಲರ ಹತ್ತಿರವೂ ಜನ ಒಪ್ಪುವಂಥ ಒಂದು ಉತ್ತರ ಇರುತ್ತದೆ. ನನ್ನ ಹತ್ತಿರವೂ ಇತ್ತು. ಸುನೀತಾಗೂ ಅವತ್ತು ಕಿರಣಗಳ ಮಾತನ್ನೇ ಹೇಳಿ ತಪ್ಪಿಸಿಕೊಂಡೆ. ಆದರೆ ಆ ವಾಸನೆ ಸಂಜೆಯವರೆಗೂ ಹೋಗಲಿಲ್ಲ. ಅದಕ್ಕೇ ನಿಜವಾದದ್ದನ್ನು ಬರೆದುಬಿಡೋಣ ಎಂದು ಕೂತಿದ್ದೇನೆ.

೧೯೮೨ರಲ್ಲಿ ನನಗೆ ಇಪ್ಪತ್ತನಾಲ್ಕು ವಯಸ್ಸು. ಪೀಣ್ಯ, ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಕಾರ್ಖಾನೆಯ ಹೆಸರು ಬೇಡ, ತಪ್ಪು ನನ್ನದು. ಕೆಲಸಕ್ಕೆ ಸೇರಿ ವರ್ಷವಾಗುತ್ತಾ ಬಂದಿತ್ತು. ಅದು ತುಂಬಿದ ಕೂಡಲೇ ಕೆಲಸ ಕಾಯಂ ಆಗಬೇಕಿತ್ತು. ಆಸ್ಪತ್ರೆಯ ಸುತ್ತ ಕಾರ್ಖಾನೆಯವರ ಕ್ವಾರ್ಟರ್ಸು, ಸಾಲು ಸಾಲು ಗುಲ್‌ಮೊಹರ್ ಮರ, ಮಧ್ಯಾಹ್ನ ಎರಡರ ಹೊತ್ತಿಗೆ ಸೈರನ್ ಕೂಗಿದ ಮೇಲೆ ಸೈಕಲ್ಲುಗಳ ಹೊಳೆ. ಆಮೇಲೆ ನಾಯಿಯೂ ಬೊಗಳದಷ್ಟು ನಿಶ್ಶಬ್ದ.

ನನ್ನ ಮೇಲಿನವರು ಸಂಪಂಗಿರಾಮಯ್ಯನವರು. ಎಲ್ಲರ ಬಾಯಲ್ಲೂ ಸಂಪಂಗಿ ಸಾರ್. ಐವತ್ತೈದರ ಹತ್ತಿರದ ವಯಸ್ಸು, ಕುಳ್ಳು, ಹಣೆಯ ಮೇಲೆ ಸಣ್ಣ ಕುಂಕುಮ, ಜೇಬಿನಲ್ಲಿ ಯಾವಾಗಲೂ ಒಂದು ನೆಲ್ಲಿಕಾಯಿ ಅಡಿಕೆಯ ಪೊಟ್ಟಣ. ಅವರ ಕೈಬೆರಳುಗಳನ್ನು ಮೊದಲ ದಿನ ನೋಡಿದಾಗ ನನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡಿದ್ದೆ. ಚರ್ಮ ಒಣಗಿ ಬಿರಿದಿತ್ತು, ಮೂರು ಉಗುರುಗಳೇ ಇರಲಿಲ್ಲ. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಅಳುವ ಮಕ್ಕಳನ್ನು ಯಂತ್ರದ ಮುಂದೆ ಬರಿಗೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದರಂತೆ. ಸೀಸದ ಗ್ಲೌಸು ಕೊಂಡುಕೊಳ್ಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ಸಾರ್, ನಿಮಗೆ ಬಿಟ್ಟುಹೋಗಬೇಕು ಅನ್ನಿಸ್ಲಿಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಅನ್ನಿಸ್ತು ಕಣಯ್ಯ ಸೀನ. ಹೋಗೋಕೆ ಜಾಗ ಎಲ್ಲಿತ್ತು?" ಎಂದು ನಕ್ಕು ಅಡಿಕೆ ಬಾಯಿಗೆ ಹಾಕಿಕೊಂಡರು.

ಅವರಿಗೆ ಒಂದೇ ಒಂದು ಕಟ್ಟುನಿಟ್ಟು. ಅನುಮಾನ ಬಂದರೆ ಮನುಷ್ಯನನ್ನು ವಾಪಸ್ ಕರಿ. ಫಿಲಂ ಹಾಳಾಗಲಿ, ಡಾಕ್ಟರು ಬೈಯಲಿ, ಶಿಫ್ಟ್ ಮುಗಿದಿರಲಿ, ಆ ಮನುಷ್ಯ ಮತ್ತೆ ಬಂದು ನಿಲ್ಲಬೇಕು. ಹಾಗೆ ಎರಡನೆಯ ಸಲ ತೆಗೆದದ್ದನ್ನು, ಏಕೆ ತೆಗೆಯಬೇಕಾಯಿತು ಎಂಬ ಕಾರಣದ ಸಮೇತ, ನಮ್ಮ ಕೈಬರಹದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಅವರ ಪುಟಗಳೂ ಅದರಲ್ಲಿದ್ದವು. ಮೂವತ್ತು ವರ್ಷ ಅನುಭವವಾದ ಮೇಲೂ ಅವರು "ನಾನು ಗಮನಿಸಲಿಲ್ಲ" ಎಂದು ದುಂಡಗೆ ಬರೆದು ಸಹಿ ಮಾಡುತ್ತಿದ್ದರು. ನಾನು ಮಾತ್ರ ಆ ಪುಸ್ತಕದಲ್ಲಿ ನನ್ನ ಹೆಸರು ಆದಷ್ಟು ಕಡಿಮೆ ಇರಲಿ ಎಂದು ನೋಡಿಕೊಳ್ಳುತ್ತಿದ್ದೆ. ಕಾಯಂ ಆಗುವ ಹೊತ್ತಿನಲ್ಲಿ ಯಾರಾದರೂ ಅದನ್ನು ತಿರುವಿ ಹಾಕಿದರೆ ಎಂಬ ಹೆದರಿಕೆ.

ಜೂನ್ ತಿಂಗಳಿಂದ ಫೌಂಡ್ರಿಯವರ ವಾರ್ಷಿಕ ತಪಾಸಣೆ. ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ವಿಭಾಗ ಅದು. ಅಲ್ಲಿನ ಮರಳು ಧೂಳು ಎದೆಗೆ ಸೇರುತ್ತದೆಂದು ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಬೆಳಿಗ್ಗೆ ಎಂಟಕ್ಕೆಲ್ಲ ವರಾಂಡದಲ್ಲಿ ಸಾಲು. ಎಷ್ಟು ತೊಳೆದರೂ ಕಿವಿಯ ಸಂದಿಯಲ್ಲಿ ಕಪ್ಪು ಉಳಿದ ಗಂಡಸರು, ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿ ಹಿತ್ತಾಳೆಯ ಟೋಕನ್ ಹಿಡಿದು ನಿಂತಿರುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ಒಳಗೆ ನನ್ನ ಒಂದೇ ಮಂತ್ರ: ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಅದನ್ನು ದಿನಕ್ಕೆ ನೂರು ಸಲ ಹೇಳಿ ಹೇಳಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ಅದೇ ಬಾಯಿಗೆ ಬಂದು ಬೈಸಿಕೊಂಡಿದ್ದೆ.

ಫಿಲಂ ಮೇಲೆ ಯಾರದೆಂದು ಗುರುತು ಬೀಳಲು ಸೀಸದ ಅಂಕಿಗಳಿದ್ದವು. ಬೆರಳುಗುರಿನಷ್ಟು ದೊಡ್ಡವು. ಬಂದವನ ಟೋಕನ್ ನಂಬರಿಗೆ ತಕ್ಕಂತೆ ಅವನ್ನು ಒಂದೊಂದಾಗಿ ಆರಿಸಿ ಫಿಲಂ ಇರುವ ಪೆಟ್ಟಿಗೆಯ ಮೂಲೆಯಲ್ಲಿ ಜೋಡಿಸಬೇಕು. ಎದೆಯ ಚಿತ್ರದ ಜೊತೆ ನಂಬರೂ ಮೂಡುತ್ತದೆ. ಆ ವರ್ಷ ಸ್ಟೋರ್ಸಿನಿಂದ ಹೊಸ ಸೆಟ್ಟು ಬಂದಿತ್ತು. ಅದರಲ್ಲಿ 6 ಅನ್ನು ತಲೆಕೆಳಗೆ ಇಟ್ಟರೆ ಥೇಟ್ 9. ಸಂಪಂಗಿ ಸಾರ್ ಹಳೆಯ ಸೆಟ್ಟಿನ ಪ್ರತಿ ಆರಕ್ಕೂ ಕೆಳಗಡೆ ಅರದಿಂದ ಒಂದು ಗೀರು ಹಾಕಿಟ್ಟಿದ್ದರು. "ಹೊಸದಕ್ಕೂ ಹಾಕ್ಬಿಡು ಸೀನ, ಹತ್ತು ನಿಮಿಷದ ಕೆಲಸ" ಅಂದಿದ್ದರು. ನಾನು "ಹಾಕ್ತೀನಿ ಸಾರ್" ಅಂದೆ. ಎರಡಕ್ಕೆ ಹಾಕಿದೆ. ಅಷ್ಟರಲ್ಲಿ ಯಾರೋ ಕೈ ಮುರಿದುಕೊಂಡು ಬಂದರು. ಉಳಿದವು ನಾಳೆಗಾಯಿತು, ನಾಡಿದ್ದಿಗಾಯಿತು.

ಜುಲೈನ ಒಂದು ಶನಿವಾರ ಮಧ್ಯಾಹ್ನ ತೊಳೆದ ಫಿಲಂಗಳನ್ನು ಕಿಟಕಿಯ ಬಳಿ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದೆ. ಮಳೆಗಾಲದಲ್ಲಿ ಅವು ಒಣಗುವುದೇ ಇಲ್ಲ, ಟೇಬಲ್ ಫ್ಯಾನ್ ಹಚ್ಚಿಡಬೇಕು. ಟಪಟಪ ತೊಟ್ಟಿಕ್ಕುತ್ತಿದ್ದ ಆ ಸಾಲಿನಲ್ಲಿ ನೋಡುತ್ತೇನೆ, ಎರಡು ಫಿಲಂ ಮೇಲೆ 1429. 1426 ಎಲ್ಲೂ ಇಲ್ಲ.

ಏನಾಗಿದೆ ಎಂದು ತಕ್ಷಣ ತಿಳಿಯಿತು. ಗೀರು ಹಾಕದ ಆರನ್ನು ಉಲ್ಟಾ ಇಟ್ಟಿದ್ದೆ. ಎರಡರಲ್ಲಿ ಒಂದು 1426ರದು. ಯಾವುದು? ಒಂದರಲ್ಲಿ ಶ್ವಾಸಕೋಶ ಸ್ವಚ್ಛವಾಗಿತ್ತು. ಇನ್ನೊಂದರ ಬಲ ಮೇಲ್ಭಾಗದಲ್ಲಿ, ಹತ್ತಿ ಹಿಂಜಿ ಅಂಟಿಸಿದ ಹಾಗೆ, ಮಸುಕು ಕಲೆ. ಟಿ.ಬಿ. ಇರಬಹುದೆಂದು ನನ್ನಂಥವನಿಗೂ ಗೊತ್ತಾಗುವಷ್ಟು ಸ್ಪಷ್ಟ.

1426 ಯಾರೆಂದು ನನಗೆ ಚೆನ್ನಾಗಿ ನೆನಪಿತ್ತು. ಚೌಡಪ್ಪ, ಕಾರ್ಖಾನೆಯ ಕಬಡ್ಡಿ ತಂಡದ ಕ್ಯಾಪ್ಟನ್. ಬಾಗಿಲಿನಷ್ಟು ಅಗಲ ಎದೆ. 1429 ಗಂಗಹನುಮಯ್ಯ, ಮಾಕಳಿಯವನು. ಮನೆಯವರ ಹೊಲದಲ್ಲಿ ಅರ್ಧ ಯಾವುದೋ ಕಾರ್ಖಾನೆಯ ಶೆಡ್ಡಿಗೆ ಹೋದ ಮೇಲೆ ಫೌಂಡ್ರಿಗೆ ಸೇರಿದ್ದ. ಎಲುಬು ಎಣಿಸಬಹುದಾದಂಥ ಮೈ, ಬಾಯಲ್ಲಿ ಬೀಡಿ ವಾಸನೆ.

ಸಂಪಂಗಿ ಸಾರ್ ಆಗಲೇ ಮನೆಗೆ ಹೋಗಿದ್ದರು. ಸೋಮವಾರ ಇಬ್ಬರನ್ನೂ ವಾಪಸ್ ಕರೆಸಬಹುದಿತ್ತು. ಕರೆಸಿದರೆ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಆರಕ್ಕೆ ಗೀರು ಹಾಕು ಎಂದಿದ್ದರು, ಹಾಕಲಿಲ್ಲ. ನಾನು ಎರಡೂ ಫಿಲಂಗಳ ಮುಂದೆ ನಿಂತು ಎಷ್ಟು ಹೊತ್ತು ಯೋಚಿಸಿದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಒಂದು ನಿಮಿಷವೂ ಇಲ್ಲ. ಚೌಡಪ್ಪನಂಥವನಿಗೆ ಟಿ.ಬಿ. ಬರುವುದುಂಟೆ? ಸ್ವಚ್ಛವಾದ ಫಿಲಂ ಮೇಲಿನ ನಂಬರಿಗೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ, ಪೆನ್ನಿನಲ್ಲಿ 1426 ಎಂದು ಬರೆದೆ. ಕಲೆ ಇದ್ದದ್ದು 1429 ಆಗಿಯೇ ಉಳಿಯಿತು.

ಫಿಲಂಗಳನ್ನು ಓದುತ್ತಿದ್ದ ಆಸ್ಪತ್ರೆಯ ಡಾಕ್ಟರಮ್ಮನಿಗೂ ಅನುಮಾನ ಬರಲಿಲ್ಲ. ಗಂಗಹನುಮಯ್ಯನ ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಫಿಲಂನಲ್ಲಿ ಇಷ್ಟು ಚೆನ್ನಾಗಿ ಕಾಣುತ್ತಿದೆ, ಮನುಷ್ಯ ಹೀಗಿದ್ದಾನೆ, ಕಾಯುವುದು ಬೇಡ ಎಂದು ರಜೆ ಕೊಟ್ಟು ಚಿಕಿತ್ಸೆ ಶುರು ಮಾಡಿದರು. ದಿನಾ ಒಂದು ಸೂಜಿ. ದಿನಾ ಬೆಳಿಗ್ಗೆ ಅವನು ಮಾಕಳಿಯಿಂದ ಬಸ್ಸು ಹಿಡಿದು, ಮಳೆಯಲ್ಲಿ ನೆನೆದು, ಇಂಜೆಕ್ಷನ್ ರೂಮಿಗೆ ಬರುತ್ತಿದ್ದ. ಆ ರೂಮಿಗೆ ಹೋಗಬೇಕಾದರೆ ನನ್ನ ಬಾಗಿಲ ಮುಂದೆಯೇ ದಾರಿ.

ನಾಲ್ಕನೆಯ ದಿನವೋ ಐದನೆಯ ದಿನವೋ ಬಾಗಿಲಲ್ಲಿ ನಿಂತು ಕೈ ಮುಗಿದ. "ನೀವು ಕಾಯ್ಲೇನ ಕಂಡ್ ಇಡಿದ್ರಿ ಸಾರ್. ಇಲ್ದಿದ್ರೆ ನಂಗೆ ಗೊತ್ತೇ ಆಯ್ತಿರ್ಲಿಲ್ಲ. ನಿಮ್ ಒಟ್ಟೆ ತಣ್ಣಗಿರ್ಲಿ."

ನಾನು ಏನೋ ಗೊಣಗಿದೆ. ಆಗಿನ್ನೂ ನನಗೆ ತಪ್ಪು ಮಾಡಿದ್ದೇನೆಂಬ ಖಾತ್ರಿ ಇರಲಿಲ್ಲ. ಸರಿಯಾಗಿದೆ ಎಂಬ ಖಾತ್ರಿಯೂ ಇರಲಿಲ್ಲ. ಅವನೇ ಮುಂದುವರಿಸಿದ. "ಮಗೀನ ಅವ್ರಜ್ಜಿ ಮನೇಗ್ ಕಳ್ಸಿವ್ನಿ ಸಾರ್, ನೆಲಮಂಗಲದತ್ರ. ಆರು ವರ್ಸದ್ದು. ಗೌರಿ ಅಂತ. ನನ್ ಬಿಟ್ ಮಲ್ಗಿದ್ದೇ ಇಲ್ಲ. ಏನ್ ಮಾಡದು, ಅಂಟ್ಕಂಡ್ರೆ?" ಅವನ ಹೆಂಡತಿ ಅವನಿಗೆ ತಟ್ಟೆ, ಲೋಟ ಬೇರೆ ಮಾಡಿದ್ದಳಂತೆ. ಊಟವನ್ನು ಜಗಲಿಯಲ್ಲಿಟ್ಟು ಒಳಗೆ ಹೋಗುತ್ತಿದ್ದಳಂತೆ. ಅದನ್ನೂ ಅವನು ದೂರಿನ ಹಾಗೆ ಹೇಳಲಿಲ್ಲ.

ಮೂರು ವಾರ ಹೀಗೇ ಹೋಯಿತು. ಆಗಸ್ಟಿನ ಒಂದು ಸಂಜೆ ಟೌನ್‌ಶಿಪ್ಪಿನ ಮೈದಾನದಲ್ಲಿ ಕಬಡ್ಡಿ ಅಭ್ಯಾಸ ನಡೆಯುತ್ತಿತ್ತು. ಮಳೆ ಹೊಳವಾಗಿತ್ತು. ನಾನು ಸೈಕಲ್ ನಿಲ್ಲಿಸಿ ಬೇಲಿಗೆ ಒರಗಿ ನೋಡುತ್ತಾ ನಿಂತೆ. ಚೌಡಪ್ಪ ರೈಡಿಗೆ ಹೊರಟ. ಅವನ ಉಸಿರು ಆ ಕಡೆಯ ಕಾರ್ಖಾನೆಗಳಲ್ಲೆಲ್ಲ ಹೆಸರುವಾಸಿ; ಎದುರಾಳಿಗಳು ನಾಲ್ಕು ಜನ ಹಿಡಿದು ನೆಲಕ್ಕೆ ಕೆಡವಿದರೂ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಗೆರೆ ಮುಟ್ಟುತ್ತಿದ್ದ. ಆ ದಿನ ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಉಸಿರು ಮುರಿಯಿತು. ಬಗ್ಗಿ ನಿಂತು ಕೆಮ್ಮಿದ. ಹುಡುಗರು "ಏನ್ ಗುರು, ವಯಸ್ಸಾಯ್ತಾ?" ಎಂದು ರೇಗಿಸಿದರು. ಅವನೂ ನಗುತ್ತ ತಲೆಯ ಮೇಲೆ ಕೈ ಎತ್ತಿ ಉಸಿರೆಳೆದುಕೊಂಡ.

ಕೈ ಎತ್ತಿದಾಗ ಅವನ ಎಡ ಕಾಲರ್ ಬೋನ್ ಚರ್ಮದಡಿ ಗಂಟಿನಂತೆ ಎದ್ದು ಕಂಡಿತು. ಹಳೆಯ ಪಂದ್ಯವೊಂದರಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ಎಕ್ಸ್‌ರೇ ದಿನ ನಾನು ಅವನ ಭುಜವನ್ನು ಮುಂದಕ್ಕೆ ಒತ್ತಿದಾಗ ಅವನೇ ಅಂದಿದ್ದ, "ನಿಧಾನ ಗುರು, ಅದು ಮುರಿದಿರೋ ಪಾರ್ಟು." ಆ ಮಾತು ಅಲ್ಲಿ, ಬೇಲಿಯ ಬಳಿ, ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಕಪಾಟು ತೆಗೆದು ಎರಡೂ ಫಿಲಂಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಪ್ಲಾಸ್ಟರ್ ಹಚ್ಚಿದ ಸ್ವಚ್ಛ ಫಿಲಂನಲ್ಲಿ ಎರಡು ಕಾಲರ್ ಬೋನುಗಳೂ ನೆಟ್ಟಗಿದ್ದವು. ಕಲೆ ಇದ್ದದ್ದರಲ್ಲಿ ಎಡಗಡೆಯದು ಸೊಟ್ಟ. ಅದು ಮೊದಲ ದಿನದಿಂದಲೂ ಅಲ್ಲೇ ಇತ್ತು. ಫಿಲಂ ನೋಡಬೇಕಾದವನು ನಾನು ಮನುಷ್ಯರ ಮೈಕಟ್ಟು ನೋಡಿದ್ದೆ.

ಆ ಬೆಳಿಗ್ಗೆ ನನ್ನ ತಲೆಯಲ್ಲಿ ಏನೇನು ಓಡಿತೋ ಎಲ್ಲವನ್ನೂ ಬರೆದರೆ ನನ್ನ ಮೊಮ್ಮಕ್ಕಳು ನನ್ನನ್ನು ಗೌರವಿಸುವುದಿಲ್ಲ. ಪ್ಲಾಸ್ಟರ್ ಕಿತ್ತುಬಿಟ್ಟರೆ? ಒಂದು ಫಿಲಂ ಕಳೆದುಹೋಯಿತು ಎಂದರೆ? ಇನ್ನು ಎರಡು ತಿಂಗಳಲ್ಲಿ ಕೆಲಸ ಕಾಯಂ ಆಗುವುದಿತ್ತು, ಅದಾದ ಮೇಲೆ ಮದುವೆ. ಆದರೆ ವರಾಂಡದಲ್ಲಿ ಚಪ್ಪಲಿಯ ಸದ್ದಾಯಿತು, ಗಂಗಹನುಮಯ್ಯ ಸೂಜಿಗೆ ಬಂದಿದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತು ಎಂದಿನಂತೆ ಕೈ ಮುಗಿದು ಮುಂದೆ ಹೋದ. ಸಂಪಂಗಿ ಸಾರ್ ಬರುವವರೆಗೆ ನಾನು ಆ ಪೆಟ್ಟಿಗೆಯ ದೀಪ ಆರಿಸದೆ ಹಾಗೇ ಕೂತಿದ್ದೆ.

ಅವರು ಛತ್ರಿ ಮಡಿಸಿ, ಕನ್ನಡಕ ಒರೆಸಿಕೊಂಡು, ಎರಡೂ ಫಿಲಂಗಳನ್ನು ನೋಡಿದರು. ಪ್ಲಾಸ್ಟರಿನ ತುಂಡನ್ನು ಉಗುರಿಲ್ಲದ ಬೆರಳಿನಿಂದ ಮುಟ್ಟಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಯಾಕೆ ವಾಪಸ್ ಕರೀಲಿಲ್ಲ?"

"ಗಂಗಹನುಮಯ್ಯ ತೆಳ್ಳಗಿದ್ದ ಸಾರ್," ಅಂದೆ.

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. "ಮೊದ್ಲು ಆ ಸೂಜಿ ನಿಲ್ಸು, ಓಡು" ಅಂದರು. ನಾನು ಓಡಿದೆ. ಸಿಸ್ಟರ್ ಸಿರಿಂಜಿಗೆ ಔಷಧ ಎಳೆದುಕೊಂಡು ನಿಂತಿದ್ದರು. ಒಂದು ನಿಮಿಷ ತಡವಾಗಿದ್ದರೆ ಇನ್ನೊಂದು ಚುಚ್ಚಿಬಿಡುತ್ತಿದ್ದರು.

ಇಬ್ಬರನ್ನೂ ಅದೇ ದಿನ ಮತ್ತೆ ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು ಸಾರ್, ನನ್ನ ಕೈಯಿಂದಲೇ. ಈ ಸಲ ಕಲೆ 1426ರಲ್ಲಿ ಮೂಡಿತು, 1429 ಸ್ವಚ್ಛ. ಡಾಕ್ಟರಮ್ಮ ಮೊದಲು ಕೆಂಡವಾದರು. ಆಮೇಲೆ ತಾವೇ ಆ ಹಳೆಯ ಫಿಲಂ ಹಿಡಿದು ಬಹಳ ಹೊತ್ತು ನೋಡಿ, "ನಾನೂ ಆ ಕಾಲರ್ ಬೋನ್ ನೋಡಿಲ್ವಲ್ರೀ" ಎಂದು ಕುರ್ಚಿಯಲ್ಲಿ ಕುಸಿದರು. ನಾನು ವಿವರಣೆ ಬರೆದುಕೊಟ್ಟೆ. ಅದರ ಕೆಳಗೆ ಸಂಪಂಗಿ ಸಾರ್ ತಮ್ಮದೊಂದು ಸಾಲು ಸೇರಿಸಿದರು: ಹೊಸ ಅಂಕಿಗಳಿಗೆ ಗೀರು ಬಿದ್ದಿದೆಯೋ ಇಲ್ಲವೋ ಎಂದು ನಾನು ನೋಡಲಿಲ್ಲ. ನಾನು ಬೇಡವೆಂದೆ. "ನಾನು ಸುಳ್ಳು ಬರ್ದಿಲ್ವಲ್ಲ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ" ಎಂದು ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು, ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಅವರ ಆ ಒಂದು ಸಾಲಿನಿಂದ ಉಳಿಯಿತು ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ಗಂಗಹನುಮಯ್ಯನಿಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ನಿನಗೆ ಕಾಯಿಲೆ ಇಲ್ಲ, ಮನೆಗೆ ಹೋಗು" ಎಂದಿದ್ದರು. ಹೇಗೆ ಏನು ಎಂದು ಅವನಿಗೆ ತಿಳಿಯಲಿಲ್ಲ. "ಅದನ್ನ ನೀನು ಹೋಗಿ ಹೇಳ್ಬೇಕು, ಅವನ ಮನೇಲಿ, ಅವನ ಹೆಂಡ್ತಿ ಎದುರಿಗೆ" ಎಂದರು ಸಾರ್. ಮರುದಿನ ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಯಲ್ಲಿ ಇಳಿದೆ. ರಾಗಿ ಪೈರು ಮೊಣಕಾಲುದ್ದ ಬಂದಿತ್ತು. ಜಗಲಿಯ ಮೇಲೆ ಗೋಣಿತಾಟು ಹಾಸಿಕೊಂಡು ಅವನು ಕೂತಿದ್ದ. ಪಕ್ಕದಲ್ಲಿ ಅಲ್ಯೂಮಿನಿಯಂ ತಟ್ಟೆ, ಲೋಟ ಮಗುಚಿಟ್ಟಿದ್ದವು. ಹೆಂಡತಿ ಹೊಸಿಲ ಒಳಗೆ ನಿಂತಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಂಬರು ತಪ್ಪಿದ್ದು, ಗೊತ್ತಾದ ಮೇಲೂ ನಾನು ಅವನನ್ನು ಕರೆಸದೆ ಇದ್ದದ್ದು, ಅವನ ಮೈ ನೋಡಿ ಅವನಿಗೇ ಕಾಯಿಲೆ ಎಂದುಕೊಂಡದ್ದು. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗಹನುಮಯ್ಯ ತನ್ನ ತೋಳನ್ನು ತಾನೇ ಸವರಿಕೊಳ್ಳುತ್ತಿದ್ದ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಜಾಗವನ್ನು. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ.

"ನೆಲಮಂಗಲದ್ ಬಸ್ಸು ಈಗ ಎಷ್ಟೊತ್ಗೈತೆ?"

ಅಷ್ಟೇ. ಎದ್ದು ಅಂಗಿ ಹಾಕಿಕೊಂಡು ಮಗಳನ್ನು ಕರೆತರಲು ಹೊರಟೇಬಿಟ್ಟ. ನಾನು ಅವನ ಹಿಂದೆ ರಸ್ತೆಯವರೆಗೆ ನಡೆದೆ. ಅವನು ಒಂದು ಕಡೆಯ ಬಸ್ಸು ಹತ್ತಿದ, ನಾನು ಇನ್ನೊಂದು ಕಡೆಯದು.

ಚೌಡಪ್ಪನಿಗೆ ಅದೇ ವಾರ ಚಿಕಿತ್ಸೆ ಶುರುವಾಯಿತು. ಆ ವರ್ಷದ ಪಂದ್ಯಾವಳಿ ಅವನಿಗೆ ತಪ್ಪಿತು. ಮುಂದಿನ ವರ್ಷ ಮತ್ತೆ ಮೈದಾನಕ್ಕೆ ಇಳಿದ, ಉಸಿರೂ ಮೊದಲಿನಷ್ಟೇ ಉದ್ದ. ಆ ದೃಷ್ಟಿಯಿಂದ ನಾವೆಲ್ಲರೂ ಪುಣ್ಯವಂತರು.

ಇಷ್ಟಾದ ಮೇಲೆ ನಾನು ಕೆಲಸ ಬಿಟ್ಟೆ ಎಂದು ನೀವು ಅಂದುಕೊಂಡರೆ ತಪ್ಪು. ನಾನು ಹಟ ಹಿಡಿದು ಒಳ್ಳೆಯ ಟೆಕ್ನಿಷಿಯನ್ ಆಗಲು ಹೊರಟೆ. ಮರುದಿನವೇ ಎಲ್ಲ ಆರುಗಳಿಗೂ ಗೀರು ಹಾಕಿದೆ, ಬೇಡದ ಮೂರಕ್ಕೂ ಎಂಟಕ್ಕೂ ಹಾಕಿದೆ. ಟೋಕನ್ ನಂಬರನ್ನು ಮೂರು ಸಲ ಕೇಳುತ್ತಿದ್ದೆ. ಫಿಲಂ ತೆಗೆದ ಮೇಲೆ ಅವನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ನನಗೆ ಅನುಮಾನ: ಆರು ನೆಟ್ಟಗಿತ್ತೇ? ಅವನು ಉಸಿರು ಬಿಟ್ಟನೇ? "ಇನ್ನೊಂದ್ಸಲ ನಿಂತ್ಕೊಳ್ಳಿ" ಅನ್ನುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಪುಟ ಪುಟ ನನ್ನದೇ ಹೆಸರು. ನನಗೆ ಅದು ಪ್ರಾಯಶ್ಚಿತ್ತದ ಹಾಗೆ ಅನ್ನಿಸುತ್ತಿತ್ತು. ಫೌಂಡ್ರಿಯವರು ನನಗೆ ಇನ್ನೊಂದ್ಸಲ ಸೀನಪ್ಪ ಎಂದು ಹೆಸರಿಟ್ಟರು.

ನವೆಂಬರಿನ ಒಂದು ಬೆಳಿಗ್ಗೆ ಒಬ್ಬ ಹುಡುಗಿಯನ್ನು, ಕ್ವಾರ್ಟರ್ಸಿನ ಯಾರದೋ ಮಗಳನ್ನು, ಮೂರು ಸಲ ನಿಲ್ಲಿಸಿದೆ. ಮೊದಲನೆಯ ಫಿಲಂ ಚೆನ್ನಾಗಿಯೇ ಇತ್ತು. ಸಂಪಂಗಿ ಸಾರ್ ಅವಳನ್ನು ಕಳಿಸಿಕೊಟ್ಟು ಬಾಗಿಲು ಮುಚ್ಚಿದರು. ತಮ್ಮ ಎರಡೂ ಕೈಗಳನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟರು.

"ಇದನ್ನ ನೋಡು. ಈ ಕಿರಣ ಏನ್ ಮಾಡುತ್ತೆ ಅಂತ ನಿಂಗೆ ಗೊತ್ತು."

"ಗೊತ್ತು ಸಾರ್."

"ಗೊತ್ತಿದ್ದೂ ಆ ಮಗೂಗೆ ಮೂರು ಸಲ ಬಿಟ್ಟೆ. ಅನುಮಾನ ಬಂದ್ರೆ ವಾಪಸ್ ಕರಿ ಅಂತ ನಾನೇ ಹೇಳ್ದೆ, ನಿಜ. ನಿಂಗೀಗ ಬರ್ತಿರೋದು ಅನುಮಾನ ಅಲ್ಲ ಕಣೋ, ಭಯ. ನಿನ್ನ ಭಯಾನ ಯಾಕಯ್ಯ ಬೇರೆಯವರ ಎದೆ ಮೇಲೆ ತೀರಿಸ್ಕೋತೀಯ?"

ನಾನು ಅವರ ಕೈಗಳನ್ನೇ ನೋಡುತ್ತಾ ಕೂತೆ. ಯಾರೂ ನನಗೆ ಅಷ್ಟು ಕಟುವಾದ ಮಾತು ಆಡಿರಲಿಲ್ಲ, ಅಷ್ಟು ಸರಿಯಾದದ್ದನ್ನೂ ಆಡಿರಲಿಲ್ಲ. ಆಮೇಲೆ ಅವರೇ ಮೆತ್ತಗೆ ಅಂದರು, "ನಂಗೆ ಹೋಗೋಕೆ ಜಾಗ ಇರ್ಲಿಲ್ಲ ಅಂದಿದ್ನಲ್ಲ. ನಿಂಗೆ ಒಂದು ಜಾಗ ಹುಡುಕಿದೀನಿ. ಪೀಣ್ಯದಲ್ಲಿ ನನ್ನ ಷಡ್ಡಕನದೊಂದು ಶೆಡ್ಡಿದೆ. ಎಕ್ಸ್‌ರೇ ರೂಮಿಗೆ ಬೇಕಾದ ಸಾಮಾನು ಮಾಡ್ತಾನೆ. ಸೀಸದ ಏಪ್ರನ್ನು, ಗ್ಲೌಸು. ಅವನಿಗೆ ರೂಮಿನ ಒಳಗಿನ ಕಷ್ಟ ಗೊತ್ತಿರೋ ಒಬ್ಬ ಬೇಕು."

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಇಪ್ಪತ್ತೊಂಬತ್ತು ವರ್ಷ ನಾನು ಆ ಶೆಡ್ಡಿನಲ್ಲಿದ್ದೆ. ಮದುವೆಯಾಯಿತು, ಮಕ್ಕಳೂ ಆದರು, ಮಾವನವರಿಗೆ ನೆಮ್ಮದಿಯಾಯಿತು. ಅಲ್ಲಿ ನಾನು ಕೇಳಿ ಮಾಡಿಸಿದ ಮೊದಲ ಸಾಮಾನು ಸೀಸದ ಅಂಕಿಗಳ ಸೆಟ್ಟು, ಆರರ ಕಾಲಿಗೆ ಅಚ್ಚಿನಲ್ಲೇ ಒಂದು ಗೀರು. ಮೊದಲ ಡಬ್ಬಿಯನ್ನು ಸಂಪಂಗಿ ಸಾರ್ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಆರನ್ನು ಆರಿಸಿ, ತಿರುಗಿಸಿ ನೋಡಿ, "ಹತ್ತು ನಿಮಿಷದ ಕೆಲಸ ಕಣೋ" ಎಂದು ನಕ್ಕರು. ಎರಡನೆಯ ಸಲ ಹೋದಾಗ ಮಕ್ಕಳನ್ನು ಹಿಡಿಯುವವರಿಗೆ ಹೊಂದುವ ಮೆತ್ತನೆಯ ಗ್ಲೌಸು ಒಯ್ದಿದ್ದೆ. ಅವರು ಅದನ್ನು ಹಾಕಿಕೊಂಡು ಬಹಳ ಹೊತ್ತು ಬಿಚ್ಚಲೇ ಇಲ್ಲ. ಅವರು ಈಗಿಲ್ಲ. ನನ್ನನ್ನು ಆ ಕೋಣೆಯಿಂದ ಹೊರಗೆ ಕಳಿಸಿದ ಅವರ ಕೈಗಳಿಗೆ ನಾನು ದಿನವೂ ಮನಸ್ಸಿನಲ್ಲಿ ನಮಸ್ಕಾರ ಮಾಡುತ್ತೇನೆ.

ಆಸ್ಪತ್ರೆಯಲ್ಲಿ ನನ್ನ ಕೊನೆಯ ದಿನ ಸಂಕ್ರಾಂತಿಗೆ ಒಂದು ವಾರ ಮುಂಚೆ. ಚಳಿ ಗಡಗಡ. ಡಾಕ್ಟರಮ್ಮ ಗಂಗಹನುಮಯ್ಯನನ್ನೂ ಚೌಡಪ್ಪನನ್ನೂ ಇನ್ನೊಮ್ಮೆ ನೋಡಿಬಿಡೋಣವೆಂದು ಆ ವಾರ ಕರೆಸಿದ್ದರು. ಗಂಗಹನುಮಯ್ಯ ಬಂದದ್ದು ಆ ದಿನ. ಒಂದು ಕೈಯಲ್ಲಿ ಸೊಗಡು ಅವರೆಕಾಯಿ ತುಂಬಿದ ಚೀಲ, ಇನ್ನೊಂದು ಕೈ ಹಿಡಿದುಕೊಂಡು ಎರಡು ಜಡೆಯ ಒಂದು ಹುಡುಗಿ. ಅವರೆಕಾಯಿ ನನಗಲ್ಲ, ಸಂಪಂಗಿ ಸಾರ್‌ಗೆ. ಅದನ್ನು ಅವನು ಸ್ಪಷ್ಟವಾಗಿಯೇ ಹೇಳಿ ಅವರ ಮೇಜಿನ ಕೆಳಗಿಟ್ಟ. ಆ ಘಟನೆಯ ನಂತರ ಅವನು ನನ್ನ ಜೊತೆ ಮಾತಾಡಿರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ.

ಸಂಪಂಗಿ ಸಾರ್ ಏಪ್ರನ್ ಹಾಕಿಕೊಳ್ಳಲು ಎದ್ದರು. ಗಂಗಹನುಮಯ್ಯ ತಡೆದ.

"ಬ್ಯಾಡಿ ಸಾರ್. ಅವ್ರೇ ತೆಗೀಲಿ."

ಸಾರ್ ನನ್ನ ಮುಖ ನೋಡಿದರು. ನಾನು ಎದ್ದೆ. ಗೌರಿ ಹೊರಗೆ ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂತಳು. 1, 4, 2, 9 ಎಂದು ಜೋಡಿಸಿದೆ. ಅವನು ಅಂಗಿ ಬಿಚ್ಚಿ, ಗಲ್ಲ ಎತ್ತಿ, ಎದೆಯನ್ನು ತಣ್ಣನೆಯ ಪೆಟ್ಟಿಗೆಗೆ ಒತ್ತಿ ನಿಂತ. ಅವನ ಭುಜಗಳನ್ನು ಮುಂದಕ್ಕೆ ತಳ್ಳಿದೆ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಟನ್ ಒತ್ತಿದೆ. ಬಿಡಿ.

ಕೈ ಅಭ್ಯಾಸದಂತೆ ಮತ್ತೆ ಅಂಕಿಗಳ ಕಡೆ ಹೋಯಿತು. ಅವನು ಅಂಗಿ ಎತ್ತಿಕೊಳ್ಳದೆ ಅಲ್ಲೇ ನಿಂತಿದ್ದ. ನನ್ನ ಅಡ್ಡಹೆಸರು ಫೌಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ.

"ಇನ್ನೊಂದ್ ಕಿತಾ ನಿಂತ್ಕಳ್ಳಾ ಸಾರ್?"

ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಬೇಡ ಗಂಗಹನುಮಯ್ಯ, ಒಂದೇ ಸಾಕು. ಮಗು ಕಾಯ್ತಿದೆ, ಹೋಗಿ."